ಆಯಿಗೆಂದು ಬಿಟ್ಟ ಮಾವು

ಬೊಬ್ರುವಾಡದ ದೇವಾನಂದನನ್ನು ಈಚೆಗೆ ನೋಡಿದವರು, ಪಾಪ, ಮಾತು ಕಡಿಮೆಯ ಮನುಷ್ಯ ಅನ್ನುತ್ತಾರೆ. ಶುದ್ಧ ಸುಳ್ಳು. ಅಂಕೋಲೆ ಪೇಟೆಯ ಅಕ್ಕಿ ಗಿರಣಿಯಲ್ಲಿ ಅರ್ಧ ಆಯುಷ್ಯ ಕಳೆದವನು ಅವನು. ಗಿರಣಿಯ ಗದ್ದಲದ ಮೇಲೆ ಕೂಗಿ ಕೂಗಿ ಅವನ ಗಂಟಲು ಎಷ್ಟು ಬಲಿತಿತ್ತೆಂದರೆ, ಮನೆಯಲ್ಲಿ ಊಟಕ್ಕೆ ಕೂತು ಉಪ್ಪು ಕೇಳಿದರೂ ಪಕ್ಕದ ಮನೆಯ ಜಟ್ಟಪ್ಪ ಬೇಲಿಯ ಹತ್ತಿರ ಬಂದು "ಏನಾಯ್ತು?" ಅನ್ನುತ್ತಿದ್ದ. ಹೆಂಡತಿ ದಮಯಂತಿ ಬಾಗಿಲಿಗೆ ಬಂದು, ಏನೂ ಆಗಲಿಲ್ಲ ಮಾರಾಯ, ಇವರಿಗೆ ಉಪ್ಪು ಬೇಕಂತೆ ಎಂದು ಅವನನ್ನು ವಾಪಸ್ ಕಳಿಸುತ್ತಿದ್ದಳು. ಎರಡು ಮನೆಗಳ ನಡುವೆ ಇದು ದಿನಾ ನಡೆಯುವ ಸಂಗತಿಯಾಗಿತ್ತು.

ಗಿರಣಿ ಮುಚ್ಚಿದಾಗ ಅವನಿಗೆ ಐವತ್ತರ ಹತ್ತಿರ. ಒಂದು ತುಂಡು ಗದ್ದೆ ಇತ್ತು, ಗೌರಿ ಎಂಬ ಹಸು ಇತ್ತು, ಮನೆಯ ಹಿಂದೆ ಒಂದಿಷ್ಟು ಹಿತ್ತಲು. ಮಗಳು ಅಮಿತಾ ಮದುವೆಯಾಗಿ ಕಾರವಾರದಲ್ಲಿದ್ದಳು. ಮನೆಯಲ್ಲಿ ಉಳಿದವರೆಂದರೆ ಅವನು, ದಮಯಂತಿ, ಮತ್ತು ಅವನ ತಾಯಿ ಗಂಗೂ. ತಾಯಿಯನ್ನು ಅವನು ಆಯಿ ಎಂದು ಕರೆಯುತ್ತಿದ್ದ, ಊರು ಗಂಗಕ್ಕ ಎಂದು ಕರೆಯುತ್ತಿತ್ತು. ಹಲ್ಲು ಹೋಗಿ, ಸೊಂಟ ಬಗ್ಗಿ, ಕಣ್ಣು ಮಂಜಾಗಿದ್ದರೂ ನಾಲಿಗೆ ಮಾತ್ರ ಹೊಸ ಕತ್ತಿಯ ಹಾಗೇ ಇದ್ದ ಮುದುಕಿ. ಕೆಲಸವಿಲ್ಲದ ಮಗ ಮನೆಯಲ್ಲಿ ಕೂತು ದೊಡ್ಡ ದನಿಯಲ್ಲಿ ಲೋಕದ ಸುದ್ದಿಯನ್ನೆಲ್ಲ ಹೇಳುವುದು ಅವಳಿಗೆ ತಲೆನೋವಾಗಿತ್ತು.

ಎರಡು ಸಾವಿರದ ನಾಲ್ಕರ ಚಳಿಗಾಲದಲ್ಲಿ ಒಂದು ಸಂಶೋಧನಾ ಸಂಸ್ಥೆಯವರು ಕಾರವಾರದಲ್ಲಿ ಕೋಣೆ ಹಿಡಿದು ಉಳಿದರು. ಕಾರವಾರ, ಅಂಕೋಲೆ ತಾಲೂಕುಗಳಲ್ಲಿ ಅಲ್ಲಲ್ಲಿ ಜಾಗ ಆರಿಸಿ ಅಲ್ಲಿಯ ಮರ ಅಳೆಯುವುದು ಅವರ ಕೆಲಸ. ಟೇಪು ಹಿಡಿಯಲು, ಬಣ್ಣದ ಡಬ್ಬಿ ಹೊರಲು ಊರು ಬಲ್ಲ ಒಬ್ಬ ಆಳು ಬೇಕಿತ್ತು, ದೇವಾನಂದ ಸೇರಿಕೊಂಡ. ಮೇಲಿನವರು ಗುರುಪ್ರಸಾದ ಎಂಬ ಸಾಹೇಬರು. ಅವರ ಕೈಕೆಳಗೆ ನೀತಾ, ಆಗಷ್ಟೇ ಓದು ಮುಗಿಸಿದ ಹುಡುಗಿ, ದೇವಬಾಗದ ಮೀನುಗಾರರ ಮನೆಯವಳು.

ಏನು ಅಳೆಯುತ್ತೀರಿ, ಯಾಕೆ ಅಳೆಯುತ್ತೀರಿ ಎಂದು ದೇವಾನಂದ ಮೊದಲ ದಿನವೇ ಕೇಳಿದ. ಗುರುಪ್ರಸಾದರು ಬೇಸರವಿಲ್ಲದೆ ಹೇಳಿದರು. ದೇಶದ ಗದ್ದೆ, ಕಾಡು, ಹಿತ್ತಲು, ದನಕರು ಎಲ್ಲ ಸೇರಿ ಗಾಳಿಗೆ ಎಷ್ಟು ಇಂಗಾಲ ಬಿಡುತ್ತವೆ, ಗಾಳಿಯಿಂದ ಎಷ್ಟನ್ನು ಎಳೆದು ತಮ್ಮೊಳಗೆ ಇಟ್ಟುಕೊಳ್ಳುತ್ತವೆ, ಆ ಲೆಕ್ಕ ಮಾಡಬೇಕು. ಭೂಮಿ ಬಿಸಿಯಾಗುತ್ತಿದೆಯಲ್ಲ, ಅದಕ್ಕೆ ಎಲ್ಲ ದೇಶಗಳೂ ತಮ್ಮ ತಮ್ಮ ಲೆಕ್ಕ ಒಪ್ಪಿಸಬೇಕು. ನಿಂತ ಮರ ಅಂದರೆ ಹಿಡಿದಿಟ್ಟ ಇಂಗಾಲ. ಮರ ದಪ್ಪವಾದಷ್ಟೂ ಒಳ್ಳೆಯದು, ಸುಟ್ಟರೆ ಹಿಡಿದಿಟ್ಟದ್ದೆಲ್ಲ ವಾಪಸ್ ಗಾಳಿಗೆ ಹೋಗುತ್ತದೆ. ನಾಲ್ಕು ವರ್ಷ ಬಿಟ್ಟು ಇದೇ ಮರಗಳನ್ನು ಮತ್ತೆ ಅಳೆದರೆ ಎಷ್ಟು ಕೂಡಿತು, ಎಷ್ಟು ಕಳೆಯಿತು ತಿಳಿಯುತ್ತದೆ.

ಇಷ್ಟು ಸರಕು ಸಿಕ್ಕರೆ ದೇವಾನಂದನನ್ನು ಹಿಡಿಯುವವರು ಯಾರು? ಮನೆಗೆ ಬಂದವನೇ ಜಗುಲಿಯಲ್ಲಿ ಕೂತು ಹೆಂಡತಿಗೂ ತಾಯಿಗೂ ಬೇಲಿಯಾಚೆಯ ಜಟ್ಟಪ್ಪನಿಗೂ ಸೇರಿಸಿ ಒಂದೇ ದನಿಯಲ್ಲಿ ಪಾಠ ಮಾಡಿದ. ಗದ್ದೆಯಲ್ಲಿ ನಿಂತ ನೀರಿನಿಂದಲೂ ಕೆಟ್ಟ ಗಾಳಿ ಏಳುತ್ತದೆ, ದನ ತೇಗಿದರೂ ಏಳುತ್ತದೆ, ಎಲ್ಲ ಲೆಕ್ಕಕ್ಕೆ ಹೋಗುತ್ತದೆ ಎಂದ. ದಮಯಂತಿ ಬಂಗಡೆ ಕುಯ್ಯುತ್ತಿದ್ದವಳು ನಕ್ಕು ನಕ್ಕು ಕತ್ತಿ ಕೆಳಗಿಟ್ಟಳು. ನಮ್ಮ ಗೌರಿ ತೇಗಿದ್ದು ದಿಲ್ಲಿಯವರೆಗೆ ಹೋಗುತ್ತದೋ, ಹಾಗಾದರೆ ಇನ್ನು ಅವಳಿಗೆ ಹಿಂಡಿ ಸ್ವಲ್ಪ ಕಡಿಮೆ ಹಾಕುತ್ತೇನೆ, ಮರ್ಯಾದೆ ಪ್ರಶ್ನೆ ಅಂದಳು. ಆ ನಗು ದೇವಾನಂದನಿಗೆ ಆಮೇಲೆ ಬಹಳ ದಿನ ನೆನಪಿತ್ತು, ಆಮೇಲೆ ಅದೂ ಇಲ್ಲವಾಯಿತು.

ಅವರು ಅಳೆಯಲು ಆರಿಸಿದ ಜಾಗಗಳಲ್ಲಿ ಬೊಬ್ರುವಾಡದ ನಾಲ್ಕು ಹಿತ್ತಲುಗಳೂ ಇದ್ದವು, ದೇವಾನಂದನದೂ ಒಂದು. ಅವನ ಹಿತ್ತಲಲ್ಲಿ ಮಾವಿನ ಮರ ಎರಡು. ಒಂದು ಕರಿ ಈಶಾಡ. ಅಂಕೋಲೆಯವರಿಗೆ ಈಶಾಡದ ವಿಷಯದಲ್ಲಿ ಇರುವ ಜಂಭ ಏನು ಹೇಳುವುದು, ಬೇರೆ ಊರಿನ ಹಣ್ಣನ್ನು ಅವರು ಮೂಸಿಯೂ ನೋಡುವುದಿಲ್ಲ. ಇನ್ನೊಂದು ಬಾವಿಯ ಆಚೆ ಇದ್ದ ಕಾಟು ಮಾವು. ಹುಳಿ ಹಣ್ಣು, ತುಂಬ ನಾರು, ಗೊಜ್ಜಿಗೆ ಬಿಟ್ಟರೆ ಯಾವುದಕ್ಕೂ ಆಗದು. ಆದರೆ ಆ ಮರಕ್ಕೆ ಯಾರೂ ಕತ್ತಿ ತಾಗಿಸುತ್ತಿರಲಿಲ್ಲ, ಸೌದೆಗೆ ಒಂದು ಟೊಂಗೆ ಕೂಡ ಇಳಿಸುತ್ತಿರಲಿಲ್ಲ. ಅದು ಆಯಿಯ ಮರ.

ಆ ಕಡೆಯ ಪದ್ಧತಿ ಅದು. ಮನೆಯಲ್ಲಿ ಸಾವಾದರೆ ಹಿತ್ತಲಿನ ಮಾವಿನ ಮರವೊಂದನ್ನು ಅದೇ ಹೊತ್ತಿಗೆ ಕಡಿದು, ಹಸಿ ಕಟ್ಟಿಗೆಯಲ್ಲೇ ಚಿತೆ ಮಾಡುತ್ತಾರೆ. ಹಸಿ ಮಾವು ಉರಿಯುತ್ತದೆ, ತೆಂಗಿನ ಕರಟ ಕೊಟ್ಟರೆ ಚೆನ್ನಾಗಿಯೇ ಉರಿಯುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಒಂದು ಮರ ನೋಡಿ ಇಟ್ಟಿರುತ್ತಾರೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಗಂಗಕ್ಕನ ಗಂಡ ಹೋದಾಗ ಅಲ್ಲಿ ಎರಡು ಕಾಟು ಮಾವು ಇದ್ದವು. ಒಂದು ಅವನಿಗೆ ಹೋಯಿತು, ಉಳಿದ ಒಂದನ್ನು ಗಂಗಕ್ಕ ಅಂದಿನಿಂದ ತನ್ನದೆಂದು ನೋಡಿಕೊಂಡು ಬಂದಳು. ಬೇಸಿಗೆಯಲ್ಲಿ ಅದರ ಬುಡಕ್ಕೆ ನೀರು ಬೇಕಿರಲಿಲ್ಲ, ಆದರೂ ಅಕ್ಕಿ ತೊಳೆದ ನೀರು ಅಲ್ಲಿಗೇ ಹೋಗುತ್ತಿತ್ತು.

ಅಳೆಯುವ ದಿನ ಗುರುಪ್ರಸಾದರು ಆ ಮರವನ್ನು ನೋಡಿ ಮೆಚ್ಚಿದರು. ಇದನ್ನು ಯಾರಾದರೂ ಕಡಿಯುತ್ತಾರೋ ಎಂದು ಕೇಳಿದರು. ಈ ಕಡೆ ಮಾವಿನ ಮರಗಳನ್ನು ಪೆಟ್ಟಿಗೆ ಮಾಡುವವರಿಗೆ ಮಾರುತ್ತಿದ್ದದ್ದು ಅವರಿಗೆ ಗೊತ್ತಿತ್ತು. ದೇವಾನಂದ, ಇಲ್ಲ ಸಾಹೇಬರೇ, ಇದನ್ನು ಯಾರೂ ಕಡಿಯುವುದಿಲ್ಲ ಅಂದ. ಆಯಿ ಅಲ್ಲೇ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಬದುಕಿರುವ ತಾಯಿಯ ಎದುರು, ಹೊರಗಿನವರಿಗೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಇವಳು ಸತ್ತ ದಿನ ಕಡಿಯುತ್ತೇವೆ ಅನ್ನಲು ಯಾವ ಮಗನಿಗೆ ಬಾಯಿ ಬರುತ್ತದೆ? ಗುರುಪ್ರಸಾದರು ಖುಷಿಯಾದರು. ದೇವಾನಂದ ತನ್ನ ಕೈಯಿಂದಲೇ ಎದೆಮಟ್ಟದಲ್ಲಿ ಹಳದಿ ಬಣ್ಣದ ಪಟ್ಟಿ ಬಳಿದು, ನಂಬರಿನ ತಗಡಿನ ಬಿಲ್ಲೆ ಹೊಡೆದ.

ಅವರೆಲ್ಲ ದಮಯಂತಿಯ ಕೈಯ ಮೀನುಸಾರು ಉಂಡು ಹೊರಟ ಮೇಲೆ ಗಂಗಕ್ಕ ಮರದ ಹತ್ತಿರ ಹೋಗಿ ಬಣ್ಣ ಮುಟ್ಟಿ ನೋಡಿದಳು. ಬೆರಳಿಗೆ ಹಳದಿ ಹತ್ತಿತು. ಮಗನನ್ನು ಕರೆದು ಎದುರಿಗೆ ಕೂರಿಸಿಕೊಂಡಳು.

"ತಮಾ, ನಿಮ್ಮ ಲೆಕ್ಕ ನಂಗೆ ಬೇಡ. ನಾ ಹೋದ ದಿನ ಈ ಮರ ನಂಗೆ ಬೇಕು. ಆ ಅಕೇಸಿಯಾದ ಮೇಲೆ ನನ್ನ ಹಾಕ್ಬೇಡ."

ಅಕೇಸಿಯಾ ಎಂದರೆ ಅವಳಿಗೆ ಆಗುತ್ತಿರಲಿಲ್ಲ. ಗುಡ್ಡದ ಮೇಲೆಲ್ಲ ಸಾಲು ಸಾಲಾಗಿ ನೆಟ್ಟು ಬೆಳೆಸಿದ ಮರ, ಎಲ್ಲಿಂದಲೋ ಬಂದದ್ದು, ಬೇಗ ಬೆಳೆಯುತ್ತದೆ. ಗುರುಪ್ರಸಾದರಿಗೆ ಅದು ಬಲು ಇಷ್ಟ, ಇಂಗಾಲವನ್ನು ಗಬಗಬ ತಿನ್ನುತ್ತದಂತೆ. ದನ ಬಾಯಿ ಹಾಕದ ಮರ ಅದು, ಅದರ ಎಲೆ ಗೊಬ್ಬರಕ್ಕೂ ಬಾರದು, ಅಂಥದ್ದರ ಮೇಲೆ ನಾನು ಯಾಕೆ ಮಲಗಲಿ ಎಂದು ಗಂಗಕ್ಕನ ವಾದ. ಡಿಪೋದಲ್ಲಿ ಸಿಗುವುದು ಅದೇ ಕಟ್ಟಿಗೆ. ಹಿತ್ತಲಲ್ಲಿ ಮಾವಿಲ್ಲದವರು ಅದನ್ನೇ ತರಿಸುತ್ತಿದ್ದರು. ದೇವಾನಂದ ತಾಯಿಯ ಅಂಗೈ ಮೇಲೆ ಕೈಯಿಟ್ಟು ಆಗಲಿ ಎಂದು ಮಾತು ಕೊಟ್ಟ. ಅಷ್ಟೇ ಅವಳು ಕೇಳಿದ್ದು, ಇಡೀ ಆಯುಷ್ಯದಲ್ಲಿ ಮಗನ ಹತ್ತಿರ ಅವಳು ಕೇಳಿದ್ದು ಅದೊಂದೇ.

ಎರಡನೆಯ ಮಳೆಗಾಲಕ್ಕೆ ದಮಯಂತಿ ಹೋದಳು. ಯಾರೂ ಎಣಿಸಿರಲಿಲ್ಲ. ನಾಟಿಯ ಕೆಸರಿನಲ್ಲಿ ನಿಂತು ಬಂದವಳಿಗೆ ಜ್ವರ ಬಂತು. ಮೈಕೈ ನೋವು, ನಾಳೆ ಹೋಗುತ್ತದೆ ಅಂದಳು. ಕಣ್ಣು ಹಳದಿಯಾದ ಮೇಲೆ ಕಾರವಾರದ ಆಸ್ಪತ್ರೆಗೆ ಒಯ್ದರು. ಇಲಿಜ್ವರ, ತಡವಾಯಿತು ಅಂದರು. ಅಮಿತಾ ಅಮ್ಮನ ಕಾಲು ಹಿಡಿದು ಅಳುತ್ತಿದ್ದಳು. ದೇವಾನಂದ ಗೋಡೆಯ ಮೇಲೆ ಯಾರೋ ಅಂಟಿಸಿದ್ದ ಕ್ಯಾಲೆಂಡರ್ ನೋಡುತ್ತ ನಿಂತಿದ್ದ. ಅಳು ಬರಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಕೂತು ಎದ್ದಾಗ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಅಂಥ ಜೋಮು ಎದೆಯೊಳಗೆ ಹಿಡಿದಿತ್ತು.

ಬೆಳಿಗ್ಗೆ ಅವಳನ್ನು ಮನೆಗೆ ತಂದು ಜಗುಲಿಯಲ್ಲಿ ಮಲಗಿಸಿದರು. ಮಳೆ ಸುರಿಯುತ್ತಿತ್ತು. ಊರಿನವರು ಬಂದರು. ಜಟ್ಟಪ್ಪ ಕೊಡಲಿ ಹಿಡಿದು ಬಂದು ಹಿತ್ತಲ ಬಾಗಿಲಲ್ಲಿ ನಿಂತ. ಮರ ಕಡಿಯುವುದು ಮನೆಯವರ ಕೆಲಸವಲ್ಲ, ನೆರೆಯವರದು. ಮನೆಯವರು ಯಾವ ಮರ ಎಂದು ಹೇಳಬೇಕು, ಅಷ್ಟೇ. ಆದರೆ ದಮಯಂತಿಗೆಂದು ಯಾರೂ ಮರ ನೋಡಿ ಇಟ್ಟಿರಲಿಲ್ಲ. ಅವಳದು ಆ ವಯಸ್ಸಲ್ಲ. ಈಶಾಡ ಫಲ ಕೊಡುವ ಮರ, ಅದನ್ನು ಕಡಿ ಅನ್ನುವವರಿಲ್ಲ. ಉಳಿದದ್ದು ಒಂದೇ. ಅದು ಆಯಿಯದು.

ಡಿಪೋಗೆ ಟೆಂಪೋ ಕಳಿಸೋಣವೇ ಎಂದು ಜಟ್ಟಪ್ಪ ಮೆಲ್ಲಗೆ ಕೇಳಿದ. ದೇವಾನಂದನಿಗೆ ತಾಯಿಯ ಅಂಗೈ ನೆನಪಾಯಿತು. ಇದೊಂದಾದರೂ ಉಳಿಯಲಿ ಅನಿಸಿತೋ, ಏನೂ ಅನಿಸಲಿಲ್ಲವೋ, ಆಮೇಲೆ ಅವನಿಗೇ ಹೇಳಲು ಆಗಲಿಲ್ಲ. ಅಕೇಸಿಯಾ ತರ್ಸಿ ಅಂದ. ಆ ದನಿ ಎಷ್ಟು ಸಣ್ಣದಿತ್ತೆಂದರೆ ಜಟ್ಟಪ್ಪ ಇನ್ನೊಮ್ಮೆ ಕೇಳಬೇಕಾಯಿತು.

ಸೊಸೆಯ ತಲೆಯ ಹತ್ತಿರ ಕೂತಿದ್ದ ಗಂಗಕ್ಕ ಗೋಡೆ ಹಿಡಿದು ಎದ್ದಳು. ಬಾಗಿಲವರೆಗೆ ಬಂದಳು.

"ಜಟ್ಟಪ್ಪಾ, ಟೆಂಪೋ ಬೇಡ. ನಂದು ಕಡಿ."

ಯಾರೂ ಅಲ್ಲಾಡಲಿಲ್ಲ. ಮುದುಕಿ ಮತ್ತೆ ಹೇಳಲಿಲ್ಲ, ವಾಪಸ್ ಹೋಗಿ ಸೊಸೆಯ ಹಣೆಯ ಮೇಲಿನ ಕೂದಲು ಸರಿಮಾಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ಕೊಡಲಿಯ ಸದ್ದು ಬಂತು.

ಮರ ಬಿತ್ತು, ತುಂಡಾಯಿತು, ಹೆಗಲ ಮೇಲೆ ಸ್ಮಶಾನಕ್ಕೆ ಹೋಯಿತು. ಹಳದಿ ಪಟ್ಟಿಯ ತುಂಡು ಚಿತೆಯಲ್ಲಿ ಹೊರಗಡೆಗೇ ಕಾಣುತ್ತಿತ್ತು. ಬಿಲ್ಲೆಯನ್ನು ಯಾರೋ ಕಿತ್ತು ದೇವಾನಂದನ ಕೈಯಲ್ಲಿಟ್ಟಿದ್ದರು, ಅವನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡಿದ್ದ. ತಗಡಿನ ಮಾಡಿನ ಕೆಳಗೆ ಬೆಂಕಿ ಹಿಡಿಯಲು ಹೊತ್ತು ತೆಗೆದುಕೊಂಡಿತು, ಕರಟ ಸುರಿದ ಮೇಲೆ ಜೋರಾಯಿತು. ಹೊಗೆ ಮಳೆಯಲ್ಲಿ ಮೇಲೇಳಲಾರದೆ ತಗ್ಗಿನಲ್ಲೇ ಸಮುದ್ರದ ಕಡೆ ಹೋಯಿತು. ಹಿಡಿದಿಟ್ಟದ್ದೆಲ್ಲ ವಾಪಸ್ ಗಾಳಿಗೆ ಎಂದು ಗುರುಪ್ರಸಾದರು ಹೇಳಿದ್ದು ಅವನ ತಲೆಯಲ್ಲಿ ಸುಮ್ಮನೆ ಓಡುತ್ತಿತ್ತು. ಹೆಂಡತಿಯ ಮುಖ ನೆನಪಿಸಿಕೊಳ್ಳಲು ನೋಡಿದ, ಬರಲಿಲ್ಲ.

ಅಲ್ಲಿಂದ ಮುಂದೆ ದೇವಾನಂದ ಮಾತು ಕಡಿಮೆಯ ಮನುಷ್ಯನಾದ. ದುಃಖ ಎಂದರೆ ದುಃಖವೂ ಅಲ್ಲ. ಕೊಯ್ಲು ಮಾಡಿದ, ಗೌರಿಯನ್ನು ಹಿಂಡಿದ, ತಾಯಿ ಗಂಜಿ ಬಡಿಸಿದರೆ ಉಂಡ. ಉಪ್ಪು ಕಡಿಮೆಯಿದ್ದರೆ ಹಾಗೇ ಉಂಡ. ಮೊದಮೊದಲು ಜಟ್ಟಪ್ಪ ಅಭ್ಯಾಸಬಲದಿಂದ ಊಟದ ಹೊತ್ತಿಗೆ ಬೇಲಿಯ ಹತ್ತಿರ ಬಂದು ಇಣುಕುತ್ತಿದ್ದ, ಆಮೇಲೆ ಅವನೂ ಬಿಟ್ಟ. ಸಂಜೆ ಬಾಗಿಲಲ್ಲಿ ಕೂತರೆ ಕತ್ತಲಾದದ್ದು ಅವನಿಗೆ ತಿಳಿಯುತ್ತಿರಲಿಲ್ಲ.

ಒಂದೇ ಒಂದು ವಿಷಯ ಮಾತ್ರ ಅವನಿಗೆ ಚುಚ್ಚುತ್ತಿತ್ತು. ಆಯಿಗೆ ಮರವಿಲ್ಲ. ಕೊಟ್ಟ ಮಾತು ಹೋಯಿತು. ಅದೂ ಅಲ್ಲದೆ ಅದೇ ಮಳೆಗಾಲದಲ್ಲಿ ಗಂಗಕ್ಕ ಕಡಿದ ಬುಡದ ಸುತ್ತ ತಡಕಾಡಿ, ಅದೇ ಮರದ ಗೊರಟು ಬಿದ್ದು ಹುಟ್ಟಿದ್ದ ಒಂದು ಸಸಿಯನ್ನು ಎಬ್ಬಿಸಿ ಪಕ್ಕದಲ್ಲೇ ನೆಟ್ಟಿದ್ದಳು. ಸುತ್ತ ಮುಳ್ಳು ಕಟ್ಟಿ, ಅಕ್ಕಿ ತೊಳೆದ ನೀರನ್ನು ಮತ್ತೆ ಅಲ್ಲಿಗೇ ಸುರಿಯತೊಡಗಿದಳು. ಮರ ಆಗುವವರೆಗೆ ಯಮ ಕಾಯಬೇಕಂತೆ ಎಂದು ಊರಿನವರು ನಕ್ಕರು. ದೇವಾನಂದನಿಗೆ ನಗು ಬರಲಿಲ್ಲ. ಅವಳು ಆ ಸಸಿಗೆ ಬಗ್ಗಿ ನೀರೆರೆಯುವಾಗ ಅವನು ಬೇರೆ ಕಡೆ ನೋಡುತ್ತಿದ್ದ.

ಎರಡು ಸಾವಿರದ ಎಂಟರ ಕೊನೆಗೆ ಅಳೆಯುವವರು ಮತ್ತೆ ಬಂದರು. ಗುರುಪ್ರಸಾದರು ಬೇರೆ ಕಡೆ ಹೋಗಿದ್ದರು, ಈಗ ನೀತಾಳೇ ದೊಡ್ಡವಳು. ದಮಯಂತಕ್ಕ ಜ್ವರದಲ್ಲಿ ಹೋದಳೆಂದು ಕೇಳಿ ಅವಳು ಹೆಗಲ ಚೀಲ ಇಳಿಸಿ ಜಗುಲಿಯಲ್ಲಿ ಕೂತಳು. ಆ ಮೀನುಸಾರು ಇನ್ನೂ ನೆನಪಿದೆ ಎಂದಳು. ಮರದ ವಿಷಯ ದೇವಾನಂದ ಹೇಳಲಿಲ್ಲ. ಟೇಪಿನ ತುದಿ ಹಿಡಿದು ಹಿಂದೆ ಹೊರಟ.

ದೇವಬಾಗದ ಗಾಳಿಮರಗಳಿಂದ ಶುರುವಾಯಿತು, ಆಮೇಲೆ ಹಾರವಾಡದ ಹಿತ್ತಲುಗಳು. ಪ್ರತಿ ಕಾಟು ಮಾವಿನ ಬುಡದಲ್ಲಿ ಟೇಪು ಸುತ್ತುವಾಗ ದೇವಾನಂದ ಕತ್ತೆತ್ತಿ ಮರವನ್ನು ಮೇಲಿನವರೆಗೆ ನೋಡುತ್ತಿದ್ದ. ಇದು ಆಯಿಗೆ ಸಾಕಾಗುತ್ತದೆ ಅನಿಸುತ್ತಿತ್ತು. ಕೇಳಲು ಬಾಯಿ ಬರುತ್ತಿರಲಿಲ್ಲ. ಒಂದು ಮನೆಯಲ್ಲಿ ಕಾಟು ಮಾವು ಉಳಿದಿದೆ ಎಂದರೆ ಅದು ಪೆಟ್ಟಿಗೆಯವರಿಗೆ ಹೋಗದೆ ಉಳಿದದ್ದು ಒಂದೇ ಕಾರಣಕ್ಕೆ. ಜಗುಲಿಯ ಮೇಲೆ ಕೂತ ಯಾವುದೋ ಮುದುಕ ಅವನ ಟೇಪನ್ನೇ ನೋಡುತ್ತಿರುತ್ತಿದ್ದ. ಇನ್ನೊಬ್ಬರ ಮರ ಕೇಳುವುದು ಅಂದರೆ ಇನ್ನೊಬ್ಬರ ಸಾವನ್ನು ಕೇಳಿದ ಹಾಗೆ. ಅವನು ಟೇಪು ಬಿಚ್ಚಿ ಮುಂದಿನ ಮರಕ್ಕೆ ಹೋಗುತ್ತಿದ್ದ.

ಕೊನೆಗೆ ಬೊಬ್ರುವಾಡ ಬಂತು, ಅವನದೇ ಹಿತ್ತಲು ಬಂತು. ನೀತಾ ಈಶಾಡ ಅಳೆದಳು, ತೆಂಗು ಅಳೆದಳು, ಬಾವಿಯ ಆಚೆ ಹೋಗಿ ನಿಂತಳು. ಆಯಿ ಅಡುಗೆಮನೆಯ ಹಿಂಬಾಗಿಲಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಇಲ್ಲೊಂದು ದೊಡ್ಡ ಕಾಟು ಮಾವು ಇತ್ತಲ್ಲ ದೇವಾನಂದಣ್ಣ, ಯಾರೂ ಕಡಿಯುವುದಿಲ್ಲ ಅಂದಿದ್ದಿರಿ ಎಂದು ನೀತಾ ಕೇಳಿದಳು. ಕಡಿದೆವು ಅಂದ. ಮಾರಿದಿರೋ ಎಂದು ಕೇಳಿದಳು. ಅವನು ಇಲ್ಲ ಎಂದು ತಲೆಯಾಡಿಸಿದ. ಅವಳು ಬೈಯಲಿಲ್ಲ, ತಾಳ್ಮೆಯಿಂದಲೇ ಬಿಡಿಸಿ ಹೇಳಿದಳು: ಮರ ಬಾಗಿಲೋ ಪೆಟ್ಟಿಗೆಯೋ ಆಗಿದ್ದರೆ ಇಂಗಾಲ ಇನ್ನೂ ಅದರೊಳಗೆ ಇರುತ್ತದೆ, ಉರಿಸಿದ್ದರೆ ಹೋಯಿತು ಎಂದು ಬರೆಯಬೇಕು, ಅದಕ್ಕೆ ಕೇಳುತ್ತಿದ್ದೇನೆ.

"ಉರ್ಸಿದ್ದು," ಅಂದ ದೇವಾನಂದ.

"ಒಲೆಗಾ?"

ಅವನು ಕಿಸೆಯಿಂದ ತಗಡಿನ ಬಿಲ್ಲೆ ತೆಗೆದು ಅವಳ ಕೈಯಲ್ಲಿಟ್ಟ. ಇವತ್ತು ಬೇಕಾಗುತ್ತದೆಂದು ಬೆಳಿಗ್ಗೆಯೇ ಇಟ್ಟುಕೊಂಡಿದ್ದ.

"ನಮ್ಮನೆಯವಳಿಗೆ."

ನೀತಾ ಬಿಲ್ಲೆ ನೋಡಿದಳು, ಕಡಿದ ಬುಡ ನೋಡಿದಳು. ಅದೇ ಕಡೆ ಹುಟ್ಟಿ ಬೆಳೆದ ಹುಡುಗಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಪೆನ್ನು ಹಿಡಿದ ಕೈ ಕೆಳಗೆ ಬಂತು. ಬುಡದ ಪಕ್ಕದ ಮುಳ್ಳಿನ ಬೇಲಿಯೊಳಗೆ ಇದ್ದ ಗಿಡ ಕಂಡು, ಇದು ಯಾವುದು ಎಂದು ಕೇಳಿದಳು. ಅದು ಅದೇ ಮರದ್ದು, ಆಯಿ ತನಗೆ ಅಂತ ನೆಟ್ಟುಕೊಂಡಿದ್ದಾಳೆ ಎಂದ ದೇವಾನಂದ. ಬೇರೆಯವರ ಸುದ್ದಿ ಹೇಳುವವನ ಹಾಗೆ ಹೇಳಿದ. ನೀತಾ ಬಗ್ಗಿ, ಮುಳ್ಳು ಸರಿಸಿ, ಅದರ ಕಾಂಡಕ್ಕೆ ಬೆರಳು ಸುತ್ತಿದಳು. ಬೆರಳು ಬೆರಳಿಗೆ ಕೂಡಿತು. ಇಷ್ಟು ಸಣ್ಣದು ಲೆಕ್ಕಕ್ಕೆ ಬರುವುದಿಲ್ಲ ಅಣ್ಣ, ಇನ್ನೂ ಬಹಳ ವರ್ಷ ಬೇಕು ಎಂದು ಬೇಸರದಿಂದಲೇ ಹೇಳಿದಳು.

ಗಂಗಕ್ಕ ಅಕ್ಕಿ ತೊಳೆದ ನೀರಿನ ಪಾತ್ರೆ ಹಿಡಿದು ಬಾವಿಯವರೆಗೆ ಬಂದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ವರ್ಷ ಇದ್ದು ಅವನಿಗೆ, ತಂಗೀ. ಅದು ನಂದಲ್ಲ," ಅಂದಳು. ಆಮೇಲೆ ಮಗನ ಕಡೆ ತಿರುಗಿದಳು. "ನಿಂಗೆ ಮರ ಇಲ್ಲ ಅಂತ ಅವತ್ತೇ ಕಂಡ್ತು ನಂಗೆ. ಅದು ನಿಂಗೆ, ತಮಾ. ನಂಗೆ ಅಕೇಸಿಯಾ ಸಾಕು."

ದೇವಾನಂದ ಟೇಪಿನ ತುದಿ ಹಿಡಿದು ನಿಂತಿದ್ದ. ಅದು ಕೈಯಿಂದ ಜಾರಿ ಸುರುಳಿಯಾಗಿ ಡಬ್ಬಿಯೊಳಗೆ ಹೋಯಿತು. ಅವನು ಮುಳ್ಳಿನ ಪಕ್ಕದಲ್ಲಿ ಕೂತ. ಆಮೇಲೆ ಅಳು ಬಂತು, ಗಿರಣಿಯ ಗದ್ದಲದ ಮೇಲೆ ಕೂಗುತ್ತಿದ್ದ ಅದೇ ಗಂಟಲಿನಲ್ಲಿ, ಇಡೀ ಕೇರಿಗೆ ಕೇಳುವ ಹಾಗೆ. ಗೌರಿ ಹಗ್ಗ ಎಳೆದು ಎದ್ದು ನಿಂತಳು.

ಜಟ್ಟಪ್ಪ ಉಣ್ಣುತ್ತಿದ್ದ ಕೈಯಲ್ಲೇ ಬೇಲಿಯ ಹತ್ತಿರ ಬಂದು "ಏನಾಯ್ತು?" ಅಂದ. ಬಾಗಿಲಿಗೆ ಬಂದು ಹೇಳುವವಳು ಇರಲಿಲ್ಲ. ಗಂಗಕ್ಕ ಏನೂ ಇಲ್ಲ ಎಂದು ಕೈಮಾಡಿ, ಪಾತ್ರೆಯ ನೀರನ್ನು ಗಿಡದ ಬುಡಕ್ಕೆ ಸುರಿದಳು.